ಟ್ಯಾಂಕಿನ ಮೂತಿ ನಮ್ಮ ಕಡೆಗೆ

ಟ್ಯಾಂಕು ಬಂದ ದಿನ ನಾನು ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದೆ. ಅಂಗನವಾಡಿಯ ಶೀಟಿನ ಛಾವಣಿ ಗಡಗಡ ಅಂದಿತು, ಬಿಂದಿಗೆಯ ನೀರಿನಲ್ಲಿ ಸಣ್ಣ ಅಲೆ ಎದ್ದಿತು. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡೇ ಮಕ್ಕಳು ಬಾಗಿಲಿಗೆ ಓಡಿದವು. ರಿಂಗ್ ರೋಡಿನ ಕಡೆಯಿಂದ ಉದ್ದನೆಯ ಟ್ರೇಲರ್ ಒಂದು ಲಗ್ಗೆರೆಯ ನಮ್ಮ ಕ್ರಾಸಿನೊಳಗೆ ಮೈ ತುರುಕುತ್ತಿತ್ತು. ಇಬ್ಬರು ಬಿದಿರು ಹಿಡಿದು ಕೇಬಲ್ ವೈರುಗಳನ್ನು ಮೇಲಕ್ಕೆತ್ತಿ ದಾರಿ ಮಾಡಿಕೊಡುತ್ತಿದ್ದರು. ಟ್ರೇಲರ್ ಮೇಲೆ, ಹೊಸ ಹಸಿರು ಬಣ್ಣ ಬಳಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಸೈನ್ಯದಿಂದ ನಿವೃತ್ತಿಯಾದ ಯುದ್ಧದ ಟ್ಯಾಂಕು ಕೂತಿತ್ತು. ಎಂಜಿನ್ ತೆಗೆದುಬಿಟ್ಟಿದ್ದರಂತೆ. ಫಿರಂಗಿಯ ಬಾಯಿಗೆ ಕಬ್ಬಿಣದ ಬಿಲ್ಲೆ ಬೆಸೆದಿದ್ದರು.

ಅದನ್ನು ನೋಡಿದಾಗ ನನಗೆ ಯುದ್ಧ ನೆನಪಾಗಲಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಕೆರೆಕೆರೆಗಳನ್ನೇ ಕುಡಿದೂ ಬಾಯಾರಿಕೆ ತೀರದೆ, ಕೊನೆಗೆ ಸುಸ್ತಾಗಿ ಯಾರದೋ ಹೊಲದಲ್ಲಿ ಮಲಗಿಬಿಡುವ ಒಂದು ಪ್ರಾಣಿ ಇರುತ್ತಿತ್ತು. ಅದು ಇದೇ ಇರಬೇಕು ಅನ್ನಿಸಿತು. ಟ್ರೇಲರ್ ನಮ್ಮನ್ನು ದಾಟಿ ಮೂಲೆಯ ಸೈಟಿನ ಮುಂದೆ ನಿಂತಾಗ ಮಾತ್ರ ಮೊಟ್ಟೆಯ ಪಾತ್ರೆ ಕೆಳಗಿಟ್ಟು ಬೀದಿಗೆ ಇಳಿದೆ. ಅದು ನಮ್ಮ ಸೈಟು.

ಅಂಗನವಾಡಿ ಕಟ್ಟಡಕ್ಕೆ ಕಾಯ್ದಿರಿಸಿದ್ದು ಅಂತ ನೀಲಿ ಬೋರ್ಡೇ ಇತ್ತು ಅಲ್ಲಿ. ಎರಡು ವರ್ಷದ ಹಿಂದೆ ಶಾಸಕರು ಬಂದು ಗುದ್ದಲಿ ಪೂಜೆ ಮಾಡಿ, ಮೂರು ಏಟು ಹಾಕಿ, ಬೆವರು ಒರೆಸಿಕೊಂಡು ಹೋಗಿದ್ದರು. ಮಕ್ಕಳಿಗೆ ಲಾಡು ಕೊಟ್ಟಿದ್ದರು. ಆಮೇಲೆ ಅಲ್ಲಿ ಬೆಳೆದದ್ದು ಪಾರ್ಥೇನಿಯಂ ಮಾತ್ರ. ಈ ಸಲ ನಿವಾಸಿಗಳ ಸಂಘದವರು ಅರ್ಜಿ ಹಾಕಿ, ಓಡಾಡಿ, ಅದೇ ಅನುದಾನದಲ್ಲಿ ವೀರಯೋಧರ ಉದ್ಯಾನ ಮಾಡಿಸಲು ಒಪ್ಪಿಗೆ ತಂದಿದ್ದರು. ಟ್ಯಾಂಕು ಪುಕ್ಕಟೆ ಸಿಕ್ಕಿತ್ತು. ಅದನ್ನು ಕೂರಿಸುವ ಕಟ್ಟೆ, ಗ್ರಾನೈಟು, ಬಣ್ಣದ ದೀಪ, ಸುತ್ತ ಸ್ಟೀಲ್ ಬೇಲಿ, ಇವುಗಳಿಗೆ ನಮ್ಮ ಕಟ್ಟಡದ ಹಣ ಹೋಗಿತ್ತು.

ಸಂಘದ ಅಧ್ಯಕ್ಷರು ಸುಧೀಂದ್ರ ಅವರು. ವಿಮಾ ಕಚೇರಿಯಿಂದ ನಿವೃತ್ತರಾದವರು, ಸೈಟಿನ ಎದುರಿಗೇ ಅವರ ಮನೆ. ಕೆಟ್ಟವರೇನಲ್ಲ. ಕೊರೊನಾ ಕಾಲದಲ್ಲಿ ಬಾಡಿಗೆ ಮನೆಯವರಿಗೆಲ್ಲ ರೇಷನ್ ಹಂಚಿದವರು. ನಾನು ಹೋಗಿ ಕೇಳಿದರೆ ಕಾಫಿ ಕೊಟ್ಟು ಕೂರಿಸಿ, ನಮ್ಮ ಏರಿಯಾಗೂ ಒಂದು ಗುರುತು ಬೇಕಲ್ಲಮ್ಮ, ಅಂಗನವಾಡಿ ಮುಂದಿನ ಹಂತದಲ್ಲಿ ಬಂದೇ ಬರುತ್ತದೆ ಅಂದರು.

ಅವತ್ತು ಕ್ರೇನಿನವನು ಪಟ್ಟ ಪಾಡು ನೋಡಬೇಕಿತ್ತು. ಮೊದಲು ಟ್ಯಾಂಕನ್ನು ರಸ್ತೆಗೆ ಮುಖ ಮಾಡಿ ಇಳಿಸಿದರೆ ಫಿರಂಗಿ ನೇರವಾಗಿ ಸುಧೀಂದ್ರರ ಮನೆಯ ಬಾಗಿಲಿಗೆ ಗುರಿಯಿಟ್ಟಿತು. ವಾಸ್ತುವಿಗೆ ಸುತರಾಂ ಆಗದು ಎಂದು ಅವರ ಹೆಂಡತಿ ಮಹಡಿಯಿಂದಲೇ ಕೂಗಿದರು. ಬಲಕ್ಕೆ ತಿರುಗಿಸಿದರೆ ಗಂಗಮ್ಮನ ಗುಡಿ. ಎಡಕ್ಕೆ ತಿರುಗಿಸಿದರೆ ಸಂಘದ ಖಜಾಂಚಿಯ ಹೊಸ ಅಪಾರ್ಟ್‌ಮೆಂಟು. ಫ್ಲಾಟುಗಳು ಇನ್ನೂ ಮಾರಾಟವಾಗಿರಲಿಲ್ಲ. ಮಧ್ಯಾಹ್ನದವರೆಗೂ ಆ ಪ್ರಾಣಿ ಗಾಳಿಯಲ್ಲಿ ನೇತಾಡಿತು. ಕೊನೆಗೆ ಯಾರ ತಕರಾರೂ ಬರದ ದಿಕ್ಕು ಒಂದೇ ಉಳಿಯಿತು: ಹಿಂದಿನ ಶೀಟಿನ ಮನೆಗಳು, ಪೀಣ್ಯಕ್ಕೆ ಕೆಲಸಕ್ಕೆ ಹೋಗುವವರ ವಠಾರ, ನಮ್ಮ ಅಂಗನವಾಡಿ. ಟ್ಯಾಂಕಿನ ಮೂತಿ ನಮ್ಮ ಕಡೆಗೆ ತಿರುಗಿತು. ಕಟ್ಟೆಯನ್ನು ಬೇರೆ ದಿಕ್ಕಿಗೆಂದು ಕಟ್ಟಿದ್ದರಿಂದ ಫಿರಂಗಿ ಅದರ ಅಂಚು ದಾಟಿ, ಸೈಟಿನ ಹಿಂಬದಿಯ ಹೊಂಗೆ ಮರದ ನೆರಳಿನೊಳಗೆ ಚಾಚಿಕೊಂಡಿತು.

ಮನೆಯಲ್ಲಿ ಈ ಮಾತೆತ್ತಿದರೆ ಅಪ್ಪನಿಗೆ ಸಿಟ್ಟು. ಅಪ್ಪ ಕಾಂತರಾಜು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸಗಾರ. ಮೊದಲು ಅಲ್ಲಿ ನೀರಿನ ಪಂಪಿನ ಭಾಗಗಳನ್ನು ಮಾಡುತ್ತಿದ್ದರು. ಈಗ ಮೂರು ವರ್ಷದಿಂದ ಫಿರಂಗಿ ಶೆಲ್ಲಿನ ಖಾಲಿ ಕವಚಗಳನ್ನು ಕಡೆಯುತ್ತಾರೆ. ಹೊಸ ಮಷಿನ್ ಬಂದಿವೆ, ಭಾನುವಾರವೂ ಓಟಿ ಇದೆ. ಅವತ್ತು ಸಂಜೆ ಊಟಕ್ಕೆ ಕೂತಾಗ ನಾನು ಸುಮ್ಮನಿರಲಾಗದೆ, ಕೆಲಸ ಬಿಟ್ಟು ಕೂತ ಟ್ಯಾಂಕಿಗೂ ಜಾಗ ಇದೆ, ನಮಗಿಲ್ಲ ಅಂದೆ.

"ಪಂಪ್ ಮಾಡ್ತಿದ್ದಾಗ ವಾರದಲ್ಲಿ ಮೂರ್ನಾಲ್ಕು ದಿನ ಶಾಪ್ ಬಾಗಿಲು ಹಾಕಿರ್ತಿದ್ರು. ನೀನು ಡಿಗ್ರಿ ಮುಗಿಸಿದ್ದು ಈ ಆರ್ಡರ್ ಬಂದ್ಮೇಲೆ ಕಣೇ. ನಾವು ತಿನ್ನೋ ಅನ್ನ ಎಲ್ಲಿಂದ ಬರ್ತಿದೆ ಅಂತ ನೆನಪಿರ್ಲಿ" ಅಂದರು ಅಪ್ಪ.

"ನೆನಪಿದೆಯಪ್ಪ. ಪಂಪಿಗೆ ಆರ್ಡರ್ ಕೊಡೋರ ಹತ್ರ ದುಡ್ಡಿಲ್ಲ, ಶೆಲ್ಲಿಗೆ ಕೊಡೋರ ಹತ್ರ ಇದೆ. ಅದ್ಯಾಕೆ ಹಂಗೆ ಅಂತ ಕೇಳ್ತಾ ಇದೀನಿ."

"ಹಂಗೆ ಕೇಳೋಕೂ ಸೇರಿಸಿ ಕೊಡ್ತಾರಾ ನಿಂಗೆ ಗೌರವಧನ?"

ನನಗೆ ಬರುವುದನ್ನು ಸರ್ಕಾರ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತದೆ. ಅಪ್ಪನಿಗೆ ಎಲ್ಲಿ ಚುಚ್ಚಬೇಕೆಂದು ಚೆನ್ನಾಗಿ ಗೊತ್ತು. ನಾನು ತಟ್ಟೆ ಸರಿಸಿದೆ. ದಂಟಿನ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಚಿಕ್ಕಲಕ್ಷ್ಮಮ್ಮ, ಇಬ್ಬರನ್ನೂ ನೋಡದೆ, ನಾನು ಎಂದೂ ಕೇಳಿರದ ಒಂದು ಕಥೆ ಶುರು ಮಾಡಿದಳು.

ಒಬ್ಬ ರಾಜ ಊರ ಸುತ್ತ ಕೋಟೆ ಕಟ್ಟಿಸಿದನಂತೆ. ಪಕ್ಕದ ರಾಜ ಒಂದು ವರಸೆ ಕಲ್ಲು ಹೆಚ್ಚು ಏರಿಸಿದ. ಇವನು ಇನ್ನೊಂದು ಏರಿಸಿದ. ಅವನು, ಇವನು, ಅವನು, ಇವನು. ಊರವರಿಗೆಲ್ಲ ಕಲ್ಲು ಹೊರುವ ಕೆಲಸ ಸಿಕ್ಕಿತು, ಕೂಲಿಯೂ ಸಿಕ್ಕಿತು. ಗೋಡೆ ಎಷ್ಟು ಎತ್ತರವಾಯಿತೆಂದರೆ ಊರೊಳಗೆ ಬಿಸಿಲೇ ಬೀಳಲಿಲ್ಲ. ರಾಗಿ ಮೊಳೆಯಲಿಲ್ಲ. ಕೂಲಿ ಇತ್ತು, ಕೊಳ್ಳಲು ಕಾಳಿರಲಿಲ್ಲ. ಆಗ ಊರಿನ ಹೆಂಗಸರು ದಿನಕ್ಕೊಬ್ಬಳಂತೆ ಹೋಗಿ ಒಂದೊಂದು ಕಲ್ಲು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ತಂದರು, ಬೀಸುವ ಕಲ್ಲು ಮಾಡಿಕೊಂಡರು. ಒಂದು ಬೆಳಿಗ್ಗೆ ರಾಜ ಎದ್ದು, ಗೋಡೆ ಎಲ್ಲಿ ಅಂತ ಕೇಳಿದ. ಮನೆಮನೆಯಿಂದ ರಾಗಿ ಬೀಸುವ ಸದ್ದು ಬರುತ್ತಿತ್ತಂತೆ.

ಪಕ್ಕದ ರಾಜ ದಂಡೆತ್ತಿ ಬರಲಿಲ್ಲವೇ ಅಂತ ಅಪ್ಪ ಕೇಳಿದರು. ಬಂದ, ಅಂದಳು ಅಜ್ಜಿ. ಅವನ ಊರಿನಲ್ಲಿ ಹಿಟ್ಟಿರಲಿಲ್ಲ, ಉಂಡು ಹೋದ. ಅಪ್ಪ ಕೈ ತೊಳೆಯಲು ಎದ್ದರು.

ಆ ವಾರವೇ ನಾವು ಅಂಗನವಾಡಿ ನಡೆಸುತ್ತಿದ್ದ ಬಾಡಿಗೆ ಮನೆಯ ಮಾಲೀಕ ಮೇಲೆ ಮಹಡಿ ಎಬ್ಬಿಸಲು ಅದರ ಶೀಟುಗಳನ್ನು ಬಿಚ್ಚಿಸಿದ. ಮೊದಲೇ ಹೇಳಿದ್ದ, ಅವನದು ತಪ್ಪಿಲ್ಲ. ಬೇರೆ ಮನೆ ಹುಡುಕಿ ಹುಡುಕಿ ನನ್ನ ಚಪ್ಪಲಿ ಸವೆದಿತ್ತು. ಇಲಾಖೆ ಕೊಡುವ ಬಾಡಿಗೆಗೆ ಲಗ್ಗೆರೆಯಲ್ಲಿ ಸ್ಕೂಟರ್ ನಿಲ್ಲಿಸುವ ಜಾಗವೂ ಸಿಗದು. ಹತ್ತಿರದ ಇನ್ನೊಂದು ಕೇಂದ್ರ ರಿಂಗ್ ರೋಡಿನ ಆಚೆ. ಮೂರು ವರ್ಷದ ಮಕ್ಕಳನ್ನು ಆ ಲಾರಿಗಳ ನಡುವೆ ದಾಟಿಸುವವರು ಯಾರು? ತಾಯಂದಿರಲ್ಲಿ ಅರ್ಧಕ್ಕರ್ಧ ಗಾರ್ಮೆಂಟ್ಸಿಗೆ ಹೋಗುವವರು. ಕೇಂದ್ರ ಮುಚ್ಚಿದರೆ ಒಂದೋ ಮಗು ಬೀಗದೊಳಗೆ, ಇಲ್ಲ ತಾಯಿಯ ಕೆಲಸ ಹೋದ ಹಾಗೆ.

ನಾನು ಚಾಪೆ, ಸ್ಟವ್, ತೂಕದ ಯಂತ್ರ, ಅ ಆ ಇ ಈ ಚಾರ್ಟು ಎಲ್ಲವನ್ನೂ ತಳ್ಳುಗಾಡಿಯ ಮೇಲೆ ಹೇರಿಸಿ, ಮಕ್ಕಳನ್ನು ರೈಲು ಮಾಡಿಕೊಂಡು ನಮ್ಮ ಸೈಟಿಗೆ ಹೋದೆ. ಬೇಲಿಗೆ ಇನ್ನೂ ಗೇಟು ಬಂದಿರಲಿಲ್ಲ. ಚಾರ್ಟನ್ನು ಟ್ಯಾಂಕಿನ ಗಾಲಿಗೆ ಒರಗಿಸಿದೆ. ಶಿವರಾತ್ರಿ ಕಳೆದು ಬಿಸಿಲು ಏರಿತ್ತು, ಹೊಂಗೆ ಮಾತ್ರ ಹೊಸ ಎಲೆ ಬಿಟ್ಟು ತಣ್ಣಗೆ ನಿಂತಿತ್ತು.

ನಮ್ಮಲ್ಲಿ ಸಹಾಯಕಿಯ ಹುದ್ದೆ ಖಾಲಿ. ಯಾದಗಿರಿ ಕಡೆಯಿಂದ ಬಂದ ಶಂಕ್ರವ್ವ ಬೆಳಗಿನ ಹೊತ್ತು ಅಡುಗೆಗೆ ನೆರವಾಗಿ, ಮಧ್ಯಾಹ್ನ ರಾಜಾಜಿನಗರದ ಅಪಾರ್ಟ್‌ಮೆಂಟಿಗೆ ಕಸ ಗುಡಿಸಲು ಹೋಗುತ್ತಾಳೆ. ಅವಳ ದೊಡ್ಡ ಮಗಳು ನಮ್ಮ ಹಾಜರಿಯಲ್ಲಿದ್ದಾಳೆ. ಕಂಕುಳಿನ ಕೂಸು ಹಾಜರಿ ಇಲ್ಲದೆಯೂ ಬರುತ್ತದೆ. ಅವತ್ತು ಕೂಸು ಚಾಪೆಯ ಮೇಲೆ ಮಲಗಲು ಒಪ್ಪದೆ ರಚ್ಚೆ ಹಿಡಿಯಿತು. ಶಂಕ್ರವ್ವ ಮೇಲೆ ನೋಡಿದಳು. ಮರದ ಕೊಂಬೆ ಕೈಗೆಟುಕದು. ಫಿರಂಗಿ ಎಟುಕುತ್ತಿತ್ತು. ಕಟ್ಟೆಯ ಅಂಚಿಗೆ ಹತ್ತಿ, ಹಳೆಯ ಇಳಕಲ್ ಸೀರೆಯನ್ನು ಅದರ ಮೇಲಿಂದ ಎಸೆದು ಗಂಟು ಹಾಕಿ, ಜೋಲಿ ಕಟ್ಟಿಯೇ ಬಿಟ್ಟಳು.

"ಇಷ್ಟ ದಪ್ಪ ಕಬ್ಬಿಣ ಐತಿ, ಒಂದ್ ಕೂಸಿನ ಭಾರ ತಡಿಯಂಗಿಲ್ಲೇನ್ರಿ ಟೀಚರ್?"

ತಡೆಯಿತು. ಕೂಸು ಎರಡು ತೂಗಿಗೇ ನಿದ್ದೆ ಹೋಯಿತು.

ಮಕ್ಕಳ ಊಟ ಮುಗಿಯುವಷ್ಟರಲ್ಲಿ ಫೋಟೋ ಎಲ್ಲರ ಫೋನಿನಲ್ಲಿತ್ತು. ಸುಧೀಂದ್ರರು ವಾಕಿಂಗ್ ಕೋಲು ಹಿಡಿದೇ ಬಂದರು. ಭಾನುವಾರ ಶಾಸಕರಿಂದ ಉದ್ಘಾಟನೆ, ಅಷ್ಟರೊಳಗೆ ಎಲ್ಲ ತೆರವಾಗಬೇಕು ಅಂದರು. ಮಾತಿನಲ್ಲಿ ಮರ್ಯಾದೆ ಇತ್ತು, ಕುತ್ತಿಗೆಯ ನರ ಮಾತ್ರ ಉಬ್ಬಿತ್ತು.

"ಕುಸುಮಾ, ನೀನು ಓದಿರೋ ಹುಡುಗಿ. ಇದು ನಮ್ಮ ಯೋಧರಿಗೆ ಮಾಡೋ ಅವಮಾನ ಅಲ್ವೇನಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಶಂಕ್ರವ್ವ ಪಾತ್ರೆ ತಿಕ್ಕುತ್ತಿದ್ದ ಕೈ ನಿಲ್ಲಿಸಿದಳು.

"ನನ್ನ ತಮ್ಮ ಗಡಿಯಾಗ ಅದಾನ್ರಿ ಸಾಹೇಬ್ರ. ಫೋನ್ ಹಚ್ಚಿದಾಗೆಲ್ಲ ಅವ ಮೊದಲು ಕೇಳೂದು, ಅಕ್ಕಾ, ಕೂಸು ಮಲಗೇತೇನು ಅಂತ. ಇದರಾಗ ಅವಂಗ ಏನು ಅವಮಾನ ಐತಿ?"

ಸುಧೀಂದ್ರರು ಕೋಲು ಊರಿಕೊಂಡು ಮನೆಗೆ ಹೋದರು. ಹೋಗಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಮರುದಿನ ದೀಪ ಜೋಡಿಸಲು ಬಂದ ಭೈರೇಶನಿಗೆ, ಜೋಲಿ ಬಿಚ್ಚಿಹಾಕು ಅಂತಲೂ ಹೇಳಿದ್ದರು. ಅವನು ಏಣಿ ಹಾಕಿ ಗಂಟಿಗೆ ಕೈಯಿಡುವಾಗ ಅಜ್ಜಿ ಕೋಲು ಊರಿಕೊಂಡು ಬಂದು ಕೆಳಗೆ ನಿಂತಿದ್ದಳು. ಮಲಗಿರುವ ಮಗುವಿನ ಜೋಲಿ ಬಿಚ್ಚಿದವರ ಮನೆಯಿಂದ ನಿದ್ದೆ ಹೊರಟುಹೋಗುತ್ತದೆ, ಇದು ಹೆತ್ತವರಿಗೆಲ್ಲ ಗೊತ್ತು ಅಂದಳು. ಭೈರೇಶನ ಮನೆಯಲ್ಲಿ ತಿಂಗಳ ಬಾಣಂತಿ ಇದ್ದಳು. ಅವನಿಗೆ ನಿದ್ದೆಯ ಬೆಲೆ ಚೆನ್ನಾಗಿ ಗೊತ್ತಿತ್ತು.

"ಎದ್ಮೇಲೆ ಬರ್ತೀನಿ ಬಿಡಜ್ಜಿ" ಅಂತ ಏಣಿ ಇಳಿದ.

ಕೂಸು ಎದ್ದಿತು. ಆದರೆ ಶಂಕ್ರವ್ವ ಅದನ್ನು ಎತ್ತಿಕೊಳ್ಳುತ್ತಿದ್ದಂತೆ ಅಜ್ಜಿ ಪಕ್ಕದ ವಠಾರದ ಇನ್ನೊಂದು ಕೂಸನ್ನು ಜೋಲಿಯೊಳಗೆ ಇಳಿಸಿದಳು. ಖಾಲಿ ಜೋಲಿ ತೂಗಬಾರದು, ತುಂಬಿದ ಜೋಲಿ ಬಿಚ್ಚಬಾರದು. ನಮ್ಮ ಕಡೆಯಲ್ಲಿ ಎಲ್ಲರೂ ಒಪ್ಪುವ ಮಾತು, ಟ್ಯಾಂಕಿನ ಕಡೆಯವರೂ ಒಪ್ಪುವ ಮಾತು. ನಾನು ಅಲ್ಲೇ ಅರ್ಥ ಮಾಡಿಕೊಂಡೆ: ಜೋಲಿ ಖಾಲಿಯಾಗದಷ್ಟು ಹೊತ್ತು ಈ ಜಾಗ ನಮ್ಮದು. ಹಾಲು ಕುಡಿಯುವ ಕೂಸುಗಳಿಗೆ ಲಗ್ಗೆರೆಯಲ್ಲಿ ಬರವೇ? ಊದುಬತ್ತಿ ಹೊಸೆಯುವವರು, ಗಾರ್ಮೆಂಟ್ಸ್ ಬಿಟ್ಟು ಬಾಣಂತನದಲ್ಲಿ ಕೂತವರು, ಡೆಲಿವರಿ ಬೈಕಿನವರ ಹೆಂಡಿರು, ತಮ್ಮತಮ್ಮಲ್ಲೇ ಮಾತಾಡಿಕೊಂಡು ಹಗಲಿಗೂ ರಾತ್ರಿಗೂ ಸರದಿ ಹಾಕಿಕೊಂಡರು. ಭೈರೇಶ ದಿನಕ್ಕೆರಡು ಸಲ ಬಂದು ಇಣುಕಿ ನೋಡಿ, ಬಾಯಿಯ ಮೇಲೆ ಬೆರಳಿಟ್ಟು ವಾಪಸು ಹೋಗುತ್ತಿದ್ದ.

ಶನಿವಾರ ಶಿಫ್ಟ್ ಮುಗಿಸಿ ಅಪ್ಪ ಸ್ಕೂಟರಿನಲ್ಲಿ ಅದೇ ದಾರಿಯಲ್ಲಿ ಬಂದರು. ಮಗಳು ಮರ್ಯಾದೆ ತೆಗೆದಳೆಂದು ಎಳೆದುಕೊಂಡು ಹೋಗಲು ಬಂದರೇನೋ ಎಂದು ನಾನು ಹೊಂಗೆಯ ಬುಡಕ್ಕೆ ಸರಿದೆ. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ತಲೆಯೆತ್ತಿ ಗಂಟನ್ನೇ ನೋಡಿದರು. ಬಣ್ಣ ಹೊಸದು, ಜಾರುತ್ತದೆ ಅಂತ ಶಂಕ್ರವ್ವನಿಗೆ ಹೇಳಿ, ಮಗುವನ್ನು ಒಂದು ಗಳಿಗೆ ಅವಳ ಕೈಗೆ ಕೊಟ್ಟರು. ಸ್ಕೂಟರಿನ ಡಿಕ್ಕಿಯಿಂದ ಹಳೆಯ ಟ್ಯೂಬಿನ ರಬ್ಬರ್ ತೆಗೆದು, ಕಟ್ಟೆ ಹತ್ತಿ ಫಿರಂಗಿಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಸೀರೆ ಕಟ್ಟಿ, ತಾವೇ ಜಗ್ಗಿ ನೋಡಿದರು. ಇಳಿಯುವ ಮೊದಲು ಆ ಕಬ್ಬಿಣದ ಮೇಲೆ ಹೆಬ್ಬೆರಳು ಆಡಿಸಿದರು. ಮಷಿನ್‌ನಿಂದ ಈಗಷ್ಟೇ ಇಳಿಸಿದ ಕೆಲಸವನ್ನು ಸವರುವ ಹಾಗೆ.

"ಏನ್ ಫಿನಿಶಿಂಗ್ ಕೊಟ್ಟಿದಾರೆ ನೋಡು. ಇಷ್ಟು ಕೆಲಸ ಒಂದು ಪಂಪಿಗೆ ಮಾಡಿದ್ರೆ ಮೊಮ್ಮಕ್ಕಳ ಕಾಲಕ್ಕೂ ನೀರೆತ್ತುತ್ತೆ."

ಯಾರಿಗೆ ಹೇಳಿದರೋ. ಸ್ಕೂಟರ್ ಹತ್ತಿ ಹೋದರು.

ಭಾನುವಾರ ಶಾಮಿಯಾನ ಬಂತು, ಬಿಳಿ ಬಟ್ಟೆ ತೊಡಿಸಿದ ಕುರ್ಚಿಗಳು ಬಂದವು, ದೇಶಭಕ್ತಿ ಗೀತೆ ಹಾಕಲು ಎರಡು ದೊಡ್ಡ ಸ್ಪೀಕರ್ ಬಂದವು. ಅಂಗನವಾಡಿಗೆ ಭಾನುವಾರ ರಜೆ. ನಾವು ರಜೆ ಮಾಡಲಿಲ್ಲ. ಫಿರಂಗಿಗೆ ಹಾಕಬೇಕಾದ ದೊಡ್ಡ ಹಾರವನ್ನು ಹಿಡಿದುಕೊಂಡು ಇಬ್ಬರು ನಿಂತೇ ಇದ್ದರು. ಜೋಲಿಯಲ್ಲಿ ಶಂಕ್ರವ್ವನ ಕೂಸು ಮಲಗಿತ್ತು. ಬಂದೋಬಸ್ತಿಗೆ ಬಂದ ಮಹಿಳಾ ಎಸ್‌ಐ ಅವರನ್ನು ಸುಧೀಂದ್ರರು ಕರೆತಂದು ತೋರಿಸಿದರು. ಅವರು ಸೀರೆಯ ಮಡಿಕೆ ಸರಿಸಿ ಒಳಗೆ ನೋಡಿದರು. ಗಂಡೋ ಹೆಣ್ಣೋ ಅಂತ ಕೇಳಿದರು. ಹೆಣ್ಣು ಅಂದಳು ಶಂಕ್ರವ್ವ. ಎಸ್‌ಐ ಮಡಿಕೆಯನ್ನು ಮೊದಲಿದ್ದಂತೆಯೇ ಮುಚ್ಚಿ, ಸ್ಪೀಕರಿನವನಿಗೆ ಸದ್ದು ಕಮ್ಮಿ ಮಾಡಲು ಕೈಸನ್ನೆ ಮಾಡಿ, ಎದ್ದ ಮೇಲೆ ನೋಡೋಣ ಸಾರ್ ಅಂತ ನೆರಳಿಗೆ ಹೋಗಿ ನಿಂತರು.

ಶಾಸಕರು ಚುರುಕು ಮನುಷ್ಯ. ಕಾರಿಳಿದು ಒಂದೇ ನೋಟಕ್ಕೆ ಎಲ್ಲ ಅರ್ಥ ಮಾಡಿಕೊಂಡು ನಗುತ್ತಾ ಬಂದರು. ಕ್ಯಾಮೆರಾದವರನ್ನು ಹತ್ತಿರ ಕರೆದು, ಒಂದು ಕಡೆ ಶೌರ್ಯ, ಒಂದು ಕಡೆ ಮಮತೆ, ಎಂಥಾ ದೃಶ್ಯ ಅನ್ನುತ್ತಾ ಜೋಲಿ ತೂಗಲು ಕೈ ಚಾಚಿದರು. ಆ ಒಂದು ಫೋಟೋ ಬಂದರೆ ಮುಗಿಯಿತು. ಟ್ಯಾಂಕೂ ಅವರದು, ಜೋಲಿಯೂ ಅವರದು, ಸೈಟು ಮಾತ್ರ ಯಾರದೂ ಅಲ್ಲ. ನಾನು ಮುಂದೆ ಹೋಗಿ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದೆ.

"ತೂಗಬೇಡಿ ಸಾರ್."

"ಯಾಕಮ್ಮಾ?"

"ಮಗು ಎಲ್ಲಿ ಮಲಗಬೇಕು ಅಂತ ಹೇಳಿ ಆಮೇಲೆ ತೂಗಿ. ಎರಡು ವರ್ಷದ ಹಿಂದೆ ನೀವು ಗುದ್ದಲಿ ಹಾಕಿದ್ದು ಇದೇ ಜಾಗದಲ್ಲಿ. ಅಂಗನವಾಡಿಗೆ ಅಂತ."

ಅವರ ನಗು ಕ್ಯಾಮೆರಾಗಳ ಸಲುವಾಗಿ ಹಾಗೇ ಉಳಿಯಿತು. ದೇಶಕ್ಕೆ ಸೈನ್ಯ ಬೇಡವೇನಮ್ಮ ನಿನಗೆ ಅಂತ, ಎಲ್ಲರಿಗೂ ಕೇಳುವಂತೆ ಕೇಳಿದರು. ನಾನು ಸೀರೆ ಬಿಡಲಿಲ್ಲ.

"ಸೈನ್ಯದ ಮಾತು ದೊಡ್ಡೋರು ಆಡ್ಕೊಳ್ಳಿ ಸಾರ್. ಕೇಳೋಕೆ ನಂಗೂ ಇದೆ, ಇನ್ನೊಂದು ದಿನ ಕೇಳ್ತೀನಿ. ಇದು ರಿಟೈರ್ ಆಗಿರೋ ಟ್ಯಾಂಕು. ಇದು ಇನ್ನು ಯಾರನ್ನೂ ಕಾಯಲ್ಲ, ಯಾರನ್ನೂ ಕೊಲ್ಲಲ್ಲ. ಕೆಲಸ ಬಿಟ್ಟು ಕೂತಿರೋದಕ್ಕೂ ನಮ್ಮ ಮಕ್ಕಳ ಗೋಡೆ, ನಮ್ಮ ಮಕ್ಕಳ ಸೂರು ಕಿತ್ತು ಕೊಟ್ರಲ್ಲ, ಅದು ಯಾಕೆ ಅಂತ ಇವತ್ತು ಹೇಳಿ."

ಹೊರಗೆ ಬೇಲಿಗುಂಟ ವಠಾರದ ಹೆಂಗಸರು ನಿಂತಿದ್ದರು, ಒಬ್ಬರೂ ಕದಲಲಿಲ್ಲ. ಶಾಸಕರು ಕೈ ಹಿಂದಕ್ಕೆ ತೆಗೆದುಕೊಂಡರು. ಮುಂದಿನ ಬಜೆಟ್ಟಿನಲ್ಲಿ ನೋಡೋಣ ಅಂತ ಸುಧೀಂದ್ರರ ಕಡೆ ತಿರುಗಿ ಹೇಳಿ, ಟ್ಯಾಂಕಿನ ಬೆನ್ನ ಹಿಂದೆ ಹೋಗಿ ರಿಬ್ಬನ್ ಕತ್ತರಿಸಿದರು. ಫೋಟೋದಲ್ಲಿ ಫಿರಂಗಿ ಬರದಂತೆ ಎಲ್ಲರೂ ಒತ್ತೊತ್ತಿಕೊಂಡು ನಿಂತರು. ಹಾರವನ್ನು ಕೊನೆಗೆ ಶಾಸಕರಿಗೇ ಹಾಕಿದರು.

ಮಧ್ಯಾಹ್ನವೇ ನಮ್ಮ ಮೇಲ್ವಿಚಾರಕಿಯ ಫೋನ್ ಬಂತು. ಅವರ ದನಿಯಲ್ಲಿ ಹೆದರಿಕೆ ಇತ್ತು. ಅವರನ್ನು ಯಾರೋ ಹೆದರಿಸಿದ್ದರು. ಕಟ್ಟಡ ಇಲ್ಲದ್ದರಿಂದ ಕೇಂದ್ರವನ್ನು ನಾಳೆಯಿಂದ ಮುಚ್ಚಲಾಗಿದೆ ಅಂತ ತಿಳಿಯಬೇಕು, ಮಕ್ಕಳನ್ನು ರಿಂಗ್ ರೋಡಿನ ಆಚೆಯ ಕೇಂದ್ರಕ್ಕೆ ಸೇರಿಸುತ್ತೇವೆ, ನೀನು ಕಚೇರಿಗೆ ಬಂದು ವಿವರಣೆ ಕೊಡು ಅಂದರು. ವಿವರಣೆ ಬೇಕಿದ್ದರೆ ನೀವೇ ಬನ್ನಿ ಮೇಡಂ, ಬಂದು ನಾಲ್ಕು ಮಕ್ಕಳ ಕೈ ಹಿಡಿದುಕೊಂಡು ಆ ರಸ್ತೆ ದಾಟಿ ತೋರಿಸಿ, ಆಮೇಲೆ ಮುಚ್ಚುತ್ತೇನೆ ಅಂದೆ. ನಿನ್ನ ಕೆಲಸ ಹೋಗುತ್ತದೆ ಕುಸುಮಾ, ಅಂದರು. ಹೋದರೆ ಹೋಗಲಿ, ನಾಳೆ ಪಾಠ ಇದೆ, ಅಂದೆ. ಹೇಳುವಾಗ ಧೈರ್ಯ ಇತ್ತು. ಫೋನ್ ಇಟ್ಟ ಮೇಲೆ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ.

ಸೋಮವಾರ ಒಂಬತ್ತೂವರೆಗೆ ಚಾಪೆ ಹಾಸಿದೆ. ಒಂದೂ ಮಗು ತಪ್ಪಿಸಿಕೊಂಡಿರಲಿಲ್ಲ. ಮಕ್ಕಳನ್ನು ಬಿಟ್ಟ ತಾಯಂದಿರು ಕೆಲಸಕ್ಕೆ ಹೊರಡದೆ ಹೊಂಗೆಯ ಸುತ್ತ ಕೂತರು. ಫ್ಯಾಕ್ಟರಿಯಲ್ಲಿ ಅರ್ಧ ದಿನದ ಸಂಬಳ ಹಿಡಿದರೆ ಹಿಡಿಯಲಿ ಅಂದರು. ಎದುರು ಮನೆಯ ಮಹಡಿಯಲ್ಲಿ ಸುಧೀಂದ್ರರು ಪೇಪರ್ ಅಗಲಿಸಿಕೊಂಡು ನಿಂತಿದ್ದರು, ಪುಟ ಮಗುಚುತ್ತಿರಲಿಲ್ಲ.

ಆಗಲೇ ತಿಂಗಳ ದಿನಸಿಯ ಗೂಡ್ಸ್ ಆಟೋ ಬಂತು. ಅಕ್ಕಿ, ಬೇಳೆ, ಬೆಲ್ಲದ ಮೂಟೆಗಳು. ಡ್ರೈವರ್ ಇಳಿದು ಒಮ್ಮೆ ಟ್ಯಾಂಕನ್ನು, ಒಮ್ಮೆ ಜೋಲಿಯನ್ನು, ಒಮ್ಮೆ ನನ್ನನ್ನು ನೋಡಿ ತಲೆ ಕೆರೆದುಕೊಂಡ.

"ರೋಡಿನ ಆ ಕಡೆ ಇಳಿಸು ಅಂತ ಫೋನ್ ಬಂದಿತ್ತು ಮೇಡಂ. ಈ ಕೇಂದ್ರ ಮುಚ್ಚಿದೆ ಅಂದ್ರಲ್ಲ?"

"ಮುಚ್ಚೋಕೆ ಇದಕ್ಕೆ ಬಾಗಿಲೇ ಇಲ್ಲ ಅಣ್ಣ" ಅಂದೆ. "ಇಳಿಸಿ."

ಅವನು ಇನ್ನೂ ಯೋಚಿಸುತ್ತಿದ್ದ. ಶಂಕ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಮೊದಲನೆಯ ಮೂಟೆಗೆ ಬೆನ್ನು ಕೊಟ್ಟಳು.